ಸಿನಿಮಾದಲ್ಲಿ ಇಲ್ಲದ ಆ ಒಂದು ಫ್ರೇಮ್

ಪ್ರಶ್ನೆ: ನಾನು ಗ್ರಾಫಿಕ್ ಡಿಸೈನರ್. ಕೆಲಸಕ್ಕೆ ಸೇರಿ ಮೂರು ವರ್ಷ ಆಯಿತು. ನಾಟಕ, ಸಂಗೀತ, ನೃತ್ಯ ಕಾರ್ಯಕ್ರಮಗಳಿಗೆ ಪೋಸ್ಟರ್ ಮಾಡುವುದೆಂದರೆ ತುಂಬಾ ಇಷ್ಟ. ಸಿನಿಮಾ ಹುಚ್ಚೂ ಜಾಸ್ತಿ. ದಿನಕ್ಕೊಂದು ನೋಡದಿದ್ದರೆ ಸಮಾಧಾನವೇ ಇಲ್ಲ. ಇಷ್ಟವಾದ ದೃಶ್ಯಗಳ ಸ್ಕ್ರೀನ್‌ಶಾಟ್ ತೆಗೆದು ಸಾವಿರಾರು ಚಿತ್ರ ಕೂಡಿಟ್ಟಿದ್ದೇನೆ. ಇತ್ತೀಚೆಗೆ ನಿದ್ದೆ ಬಾರದವರ ಬಗ್ಗೆ ಇರುವ ಒಂದು ನೃತ್ಯ ಪ್ರಯೋಗಕ್ಕೆ ಪೋಸ್ಟರ್ ಮಾಡಿದೆ. ಮಳೆಯ ರಾತ್ರಿ, ಒದ್ದೆ ರಸ್ತೆ, ನಿಯಾನ್ ಬೆಳಕು, ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ. ನಮ್ಮ ಸೀನಿಯರ್ ನೋಡಿ, ‘ಚೆನ್ನಾಗಿದೆ, ಆದರೆ ಯಾವುದೋ ಸಿನಿಮಾದ ಸ್ಟಿಲ್ ಥರ ಇದೆ’ ಎಂದರು. ಆವತ್ತಿನಿಂದ ಕೆಲಸಕ್ಕೆ ಕೂತರೆ ಕೈಯೇ ಓಡುತ್ತಿಲ್ಲ. ಸಿನಿಮಾ ಪ್ರೀತಿ ನನ್ನ ಕೆಲಸಕ್ಕೆ ನೆರವಾಗುತ್ತಿದೆಯಾ, ಅಡ್ಡಿಯಾಗುತ್ತಿದೆಯಾ? ಸ್ವಲ್ಪ ದಿನ ನೋಡುವುದನ್ನೇ ಬಿಡಬೇಕಾ?

ಉತ್ತರ: ಬಿಡಬೇಡಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಸೀನಿಯರ್ ಹೇಳಿದ್ದು ಸರಿಯಾಗಿಯೇ ಇದೆ. ಆದರೆ ನೀವು ಅದನ್ನು ಬೇರೆ ಥರ ಕೇಳಿಸಿಕೊಂಡಿದ್ದೀರಿ. ನೀವು ಸಿನಿಮಾ ಜಾಸ್ತಿ ನೋಡುತ್ತೀರಿ ಎಂದು ಅವರು ದೂರಲಿಲ್ಲ. ಸಿನಿಮಾದಿಂದ ನೀವು ಚಿತ್ರವನ್ನು ಎತ್ತಿಕೊಂಡು ಬಂದಿರಿ, ಆ ಚಿತ್ರದ ಹಿಂದಿನ ಕೆಲಸವನ್ನು ಅಲ್ಲೇ ಬಿಟ್ಟು ಬಂದಿರಿ. ಅದು ಅವರ ಕಣ್ಣಿಗೆ ಬಿದ್ದಿದೆ, ಅಷ್ಟೇ.

ನಾನೂ ಇದೇ ದಾರಿಯಲ್ಲಿ ಬಂದವನು. ಪೋಸ್ಟರ್ ಮಾಡಲು ಶುರು ಮಾಡಿ ಇಪ್ಪತ್ತು ವರ್ಷ ದಾಟಿತು. ಸಿನಿಮಾ ನೋಡದೆ ಇದ್ದಿದ್ದರೆ ನಾನು ಈ ಕೆಲಸಕ್ಕೆ ಬರುತ್ತಲೇ ಇರಲಿಲ್ಲ. ಚಿತ್ರ ಎಂದರೇನು, ಬೆಳಕು ಎಂದರೇನು, ಯಾವಾಗ ಸುಮ್ಮನಿರಬೇಕು, ಇದೆಲ್ಲ ನನಗೆ ಮೊದಲು ಗೊತ್ತಾಗಿದ್ದು ಕತ್ತಲ ಹಾಲ್‌ನಲ್ಲಿ ಕೂತಾಗ. ಅದಕ್ಕೇ ನಿಮ್ಮ ಪ್ರಶ್ನೆಗೆ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಸ್ಟಿಲ್‌ನ ವಿಷಯ ನೋಡೋಣ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಒಂದೂವರೆ ಗಂಟೆಯ ಸಿನಿಮಾ ಎಂದರೆ 1,29,600 ಫ್ರೇಮ್. ಅದರಲ್ಲಿ ನಿಮ್ಮ ಮೈ ಜುಮ್ಮೆನ್ನಿಸಿದ ಒಂದು ಫ್ರೇಮ್ ಇದೆ ಎಂದುಕೊಳ್ಳಿ. ಅದು ಒಂದೇ ನಿಂತು ನಿಮ್ಮನ್ನು ಅಲುಗಾಡಿಸಿದ್ದಲ್ಲ. ಹಿಂದಿನ ನಲವತ್ತು ನಿಮಿಷ ಅದನ್ನು ಹೊತ್ತು ತಂದಿತ್ತು. ಆ ಮನುಷ್ಯ ಮಳೆಯಲ್ಲಿ ಯಾಕೆ ನಿಂತಿದ್ದಾನೆ, ಯಾರನ್ನು ಬಿಟ್ಟು ಬಂದಿದ್ದಾನೆ, ಈಗ ತಿರುಗಿ ನೋಡುತ್ತಾನಾ ಇಲ್ಲವಾ, ಇದೆಲ್ಲ ನಿಮ್ಮ ತಲೆಯಲ್ಲಿ ಓಡುತ್ತಿತ್ತು. ಸ್ಕ್ರೀನ್‌ಶಾಟ್ ಒತ್ತಿದಾಗ ನಿಮ್ಮ ಕೈಗೆ ಸಿಕ್ಕಿದ್ದು ಬರೀ ಮಳೆ ಮತ್ತು ಬೆನ್ನು. ಉಳಿದದ್ದು ಸಿನಿಮಾದಲ್ಲೇ ಉಳಿಯಿತು.

ಆದರೆ ಆ ಸ್ಕ್ರೀನ್‌ಶಾಟ್ ಮತ್ತೆ ನೋಡಿದಾಗಲೆಲ್ಲ ನಿಮಗೆ ಆ ನಲವತ್ತು ನಿಮಿಷವೂ ನೆನಪಾಗುತ್ತದೆ. ತೊಂದರೆ ಇರುವುದೇ ಇಲ್ಲಿ. ಅದೇ ಚಿತ್ರವನ್ನು ಪೋಸ್ಟರ್‌ಗೆ ತಂದಾಗ ನಿಮಗೆ ಅದು ತುಂಬಿ ತುಳುಕುವ ಹಾಗೆ ಕಾಣುತ್ತದೆ. ದಾರಿಯಲ್ಲಿ ಹೋಗುವವರಿಗೆ ಅದು ಖಾಲಿ. ಸಿನಿಮಾ ಪ್ರೀತಿಸುವ ಡಿಸೈನರ್‌ಗಳು ಎಡವುವುದು ಜಾಸ್ತಿ ಇಲ್ಲೇ. ನಮ್ಮ ನೆನಪನ್ನು ನಾವು ಚಿತ್ರದ ಗುಣ ಎಂದುಕೊಂಡುಬಿಡುತ್ತೇವೆ.

ಹಾಗಾದರೆ ಸಿನಿಮಾದಿಂದ ಏನನ್ನು ತರಬೇಕು? ನನ್ನ ಪ್ರಕಾರ ಮುಖ್ಯವಾದದ್ದು ಒಂದೇ. ಒಳ್ಳೆಯ ಪೋಸ್ಟರ್ ಎಂದರೆ ಸಿನಿಮಾದಲ್ಲಾಗಲಿ, ನಾಟಕದಲ್ಲಾಗಲಿ, ನೃತ್ಯದಲ್ಲಾಗಲಿ ಎಲ್ಲೂ ಬಾರದ, ಆದರೆ ಬಂದಿದ್ದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದ ಒಂದು ಫ್ರೇಮ್. ಅದನ್ನು ಯಾರೂ ಶೂಟ್ ಮಾಡಿಟ್ಟಿಲ್ಲ. ನೀವೇ ಹುಡುಕಬೇಕು. ಸಿನಿಮಾ ನಿಮಗೆ ಕಲಿಸುವುದು ಆ ಹುಡುಕಾಟವನ್ನು.

ಇದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. ಹಿಚ್‌ಕಾಕ್ ಅವರ ‘ವರ್ಟಿಗೋ’ ಸಿನಿಮಾ 1958ರಲ್ಲಿ ಬಂತು. ಎತ್ತರದ ಭಯ ಇರುವ ಒಬ್ಬ ಮನುಷ್ಯ, ಅವನು ಹಿಂಬಾಲಿಸುವ ಒಬ್ಬ ಹೆಂಗಸು. ಅದಕ್ಕೆ ಅಮೆರಿಕದ ಡಿಸೈನರ್ ಸಾಲ್ ಬಾಸ್ ಮಾಡಿದ ಪೋಸ್ಟರ್ ನೀವು ನೋಡೇ ಇರುತ್ತೀರಿ. ಕಿತ್ತಳೆಗೆಂಪು ಹಿನ್ನೆಲೆ. ಬಿಳಿ ಗೆರೆಗಳ ಸುಳಿ. ನಡುವೆ ಕಪ್ಪಾಗಿ ಒಬ್ಬ ಗಂಡಸು, ಅವನ ಜೊತೆ ಬರೀ ಗೆರೆಯಲ್ಲಿ ಬರೆದ ಹೆಂಗಸು. ಗಂಡಸಿಗೆ ಮೈ ಇದೆ, ಹೆಂಗಸಿಗೆ ಅಂಚು ಮಾತ್ರ ಇದೆ. ಸಿನಿಮಾ ನೋಡಿದವರಿಗೆ ಆ ವ್ಯತ್ಯಾಸ ಎಷ್ಟು ದೊಡ್ಡದು ಎಂದು ಗೊತ್ತು. ನೋಡದವರಿಗೂ ಏನೋ ಸರಿಯಿಲ್ಲ ಎಂದು ಅನ್ನಿಸುತ್ತದೆ.

ಇದೇ ಸಿನಿಮಾಕ್ಕೆ 1963ರಲ್ಲಿ ಪೋಲೆಂಡ್‌ನಲ್ಲಿ ಡಿಸೈನರ್ ರೋಮನ್ ಚೆಶ್ಲೆವಿಚ್ ಇನ್ನೊಂದು ಪೋಸ್ಟರ್ ಮಾಡಿದರು. ಅಲ್ಲಿ ಬೀಳುವ ಮನುಷ್ಯನೂ ಇಲ್ಲ, ಹೆಂಗಸೂ ಇಲ್ಲ. ಒಂದು ತಲೆಬುರುಡೆ. ಅದರ ಮೇಲೆ ಗುರಿಹಲಗೆಯ ಹಾಗೆ ಒಂದರೊಳಗೊಂದು ಸುತ್ತುಗಳು. ಇಬ್ಬರೂ ನೋಡಿದ್ದು ಒಂದೇ ಸಿನಿಮಾ. ಇಬ್ಬರ ಕಣ್ಣಿಗೂ ಬಿದ್ದಿದ್ದು ಸುತ್ತುವ ಗೆರೆ. ಒಬ್ಬರು ಆ ಸುತ್ತನ್ನು ಬೀಳುವ ಜಾಗ ಮಾಡಿದರು, ಇನ್ನೊಬ್ಬರು ಅದನ್ನು ತಲೆಯೊಳಗಿನ ಕಾಯಿಲೆ ಮಾಡಿದರು. ಎರಡೂ ಸಿನಿಮಾದಿಂದ ಕತ್ತರಿಸಿ ತೆಗೆದ ಸ್ಟಿಲ್ ಅಲ್ಲ. ಎರಡೂ ಆ ಸಿನಿಮಾದವೇ. ಪಕ್ಕಪಕ್ಕ ಇಟ್ಟು ಹತ್ತು ನಿಮಿಷ ನೋಡಿ. ನಾನು ಇಷ್ಟುದ್ದ ಬರೆಯುವುದಕ್ಕಿಂತ ಜಾಸ್ತಿ ಅದು ಹೇಳಿಕೊಡುತ್ತದೆ.

ಪೋಲೆಂಡ್‌ನವರಿಗೆ ಈ ಸ್ವಾತಂತ್ರ್ಯ ಸಿಕ್ಕಿದ್ದಕ್ಕೆ ಕಾರಣವೂ ಇತ್ತು. ಎರಡನೇ ಮಹಾಯುದ್ಧದ ನಂತರ ಅಲ್ಲಿ ಸಿನಿಮಾ ಹಂಚಿಕೆ ಸರ್ಕಾರದ ಕೈಯಲ್ಲಿತ್ತು. ಟಿಕೆಟ್ ಮಾರಲು ತಾರೆಯ ಮುಖವನ್ನು ದೊಡ್ಡದಾಗಿ ಹಾಕಲೇಬೇಕು ಎಂಬ ಒತ್ತಡ ಕಡಿಮೆ. ಹೆನ್ರಿಕ್ ತೊಮಾಷೆವ್ಸ್ಕಿ ಅವರಂಥ ಕಲಾವಿದರು ಸಿನಿಮಾ ನೋಡಿ ತಮಗೆ ಅನ್ನಿಸಿದ್ದನ್ನು ಕುಂಚದಲ್ಲಿ ಬರೆದರು. 1948ರಲ್ಲಿ ವಿಯೆನ್ನಾದ ಪೋಸ್ಟರ್ ಪ್ರದರ್ಶನದಲ್ಲಿ ಅವರೊಬ್ಬರಿಗೇ ಐದು ಮೊದಲ ಬಹುಮಾನ ಬಂತು. ನಮಗೆ ಕ್ಲೈಂಟ್ ಇರುತ್ತಾರೆ, ಒತ್ತಡ ಇರುತ್ತದೆ, ನಿಜ. ಆದರೂ ಅವರು ಮೊದಲು ಮಾಡುತ್ತಿದ್ದ ಕೆಲಸವನ್ನು ನಾವೂ ಮಾಡಬಹುದು, ಅಲ್ವಾ? ಪೂರ್ತಿ ನೋಡುವುದು, ಆಮೇಲೆ ನೋಡಿದ್ದನ್ನು ಬಿಟ್ಟು ಅನ್ನಿಸಿದ್ದನ್ನು ಬರೆಯುವುದು.

ಈಗ ಸಿನಿಮಾದ ಒಳಗಿನ ಕೆಲಸಕ್ಕೆ ಬರೋಣ. ಅದರಲ್ಲಿ ಪೋಸ್ಟರ್‌ಗೆ ತೀರಾ ಹತ್ತಿರವಾದದ್ದು ಕಟ್, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ. ಎಡಿಟಿಂಗ್ ಎಂದರೆ ಪೋಸ್ಟರ್‌ಗೆ ಸಂಬಂಧವಿಲ್ಲ ಎಂದುಕೊಳ್ಳುವವರು ಜಾಸ್ತಿ. ನನಗೆ ಅದೇ ಮೊದಲ ಪಾಠ.

ಸೋವಿಯತ್ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ಒಂದು ಪ್ರಯೋಗ ಮಾಡಿದ್ದರು. ಅವರ ಜೊತೆಗಿದ್ದ ಇನ್ನೊಬ್ಬ ನಿರ್ದೇಶಕ ಪುಡೋವ್ಕಿನ್ ಅದನ್ನು ಬರೆದಿಟ್ಟಿದ್ದಾರೆ. ಒಬ್ಬ ನಟನ ಮುಖದ ಒಂದೇ ಶಾಟ್. ಮುಖದಲ್ಲಿ ವಿಶೇಷ ಭಾವ ಏನೂ ಇಲ್ಲ. ಅದರ ಮುಂದೆ ಒಮ್ಮೆ ಸೂಪ್ ತಟ್ಟೆಯ ಶಾಟ್ ಜೋಡಿಸಿದರು. ಇನ್ನೊಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ ಹೆಂಗಸು. ಮತ್ತೊಮ್ಮೆ ಆಟಿಕೆ ಹಿಡಿದು ಆಡುವ ಪುಟ್ಟ ಹುಡುಗಿ. ನೋಡಿದವರಿಗೆ ಅದೇ ಮುಖದಲ್ಲಿ ಒಮ್ಮೆ ಚಿಂತೆ, ಒಮ್ಮೆ ದುಃಖ, ಒಮ್ಮೆ ಸಂತೋಷ ಕಂಡಿತಂತೆ. ಮುಖ ಬದಲಾಗಿರಲಿಲ್ಲ, ಪಕ್ಕದ್ದು ಬದಲಾಗಿತ್ತು.

ಪೋಸ್ಟರ್‌ನಲ್ಲಿ ಆ ಪಕ್ಕದ ಶಾಟ್ ಯಾವುದು? ಶೀರ್ಷಿಕೆ. ಚಿತ್ರ ಮೊದಲ ಶಾಟ್, ಶೀರ್ಷಿಕೆ ಎರಡನೆಯದು. ನೋಡುವವರ ಕಣ್ಣು ಒಂದರಿಂದ ಇನ್ನೊಂದಕ್ಕೆ ಹೋಗುವ ಆ ಕ್ಷಣವೇ ಕಟ್.

ಮನೆಯಲ್ಲೇ ಮಾಡಿ ನೋಡಿ. ಒಂದು ಖಾಲಿ ಕುರ್ಚಿಯ ಫೋಟೋ ತೆಗೆಯಿರಿ, ಎದುರಿನಿಂದ, ಸಾದಾ ಬೆಳಕಿನಲ್ಲಿ. ಕೆಳಗೆ ‘ಅಪ್ಪ’ ಎಂದು ಬರೆಯಿರಿ. ಕುರ್ಚಿಯಿಂದ ಯಾರೋ ಎದ್ದು ಹೋಗಿದ್ದಾರೆ, ಇನ್ನು ಬರುವುದಿಲ್ಲ ಅನ್ನಿಸುತ್ತದೆ. ಅದನ್ನು ಅಳಿಸಿ ‘ಚುನಾವಣೆ’ ಎಂದು ಬರೆಯಿರಿ. ಅದೇ ಕುರ್ಚಿಗೆ ಈಗ ನಾಲ್ಕು ಜನ ಮುಗಿಬೀಳುತ್ತಿದ್ದಾರೆ. ‘ಸಂದರ್ಶನ’ ಎಂದು ಬರೆದರೆ ಅಂಗೈ ಬೆವರುತ್ತದೆ, ಆ ಕುರ್ಚಿಯಲ್ಲಿ ಕೂರಬೇಕಾದವರು ನೀವೇ. ಕೊನೆಗೆ ‘ಕುರ್ಚಿ’ ಎಂದೇ ಬರೆದು ನೋಡಿ. ಏನೂ ಆಗುವುದಿಲ್ಲ. ಎರಡು ಶಾಟ್ ಒಂದನ್ನೇ ಹೇಳಿದರೆ ಕಟ್ ಸತ್ತುಹೋಗುತ್ತದೆ.

ನಿಮ್ಮ ಪೋಸ್ಟರ್‌ನಲ್ಲಿ ಆಗಿರುವುದು ಇದೇ ಎಂದು ನನಗೆ ಅನ್ನಿಸುತ್ತದೆ. ನಿದ್ದೆ ಬಾರದ ರಾತ್ರಿ ಎಂದು ಶೀರ್ಷಿಕೆ ಹೇಳುತ್ತದೆ. ಚಿತ್ರವೂ ರಾತ್ರಿ, ಒಂಟಿತನ ಎನ್ನುತ್ತದೆ. ಮಳೆಯೂ ಅದನ್ನೇ, ಬೆನ್ನೂ ಅದನ್ನೇ. ನಾಲ್ಕು ಜನ ಒಂದೇ ಮಾತು ಹೇಳುತ್ತಿದ್ದಾರೆ. ನೋಡುವವರಿಗೆ ಮಾಡಲು ಕೆಲಸವೇ ಇಲ್ಲ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ವಿಷಯ ಫ್ರೇಮಿನ ಆಚೆಗಿನ ಜಾಗ. ಒಳ್ಳೆಯ ನಿರ್ದೇಶಕರು ತೋರಿಸದೇ ಇರುವುದರಲ್ಲಿ ಗಟ್ಟಿಗರು. ಬಾಗಿಲು ತೆರೆದ ಸದ್ದು ಕೇಳುತ್ತದೆ, ಕ್ಯಾಮೆರಾ ಮಾತ್ರ ಕೂತಿರುವವಳ ಮುಖ ಬಿಟ್ಟು ಅಲುಗುವುದಿಲ್ಲ. ಬಂದವರು ಯಾರು ಎನ್ನುವುದನ್ನು ನಾವು ಅವಳ ಕಣ್ಣಿನಿಂದ ಓದಿಕೊಳ್ಳುತ್ತೇವೆ. ಫ್ರೇಮಿನ ಅಂಚು ಗೋಡೆಯಲ್ಲ, ಅದರ ಆಚೆ ಲೋಕ ಮುಂದುವರಿಯುತ್ತದೆ ಎಂಬ ನಂಬಿಕೆಯ ಮೇಲೆ ಸಿನಿಮಾ ನಿಂತಿದೆ.

ಪೋಸ್ಟರ್‌ನ ಅಂಚನ್ನು ಹೀಗೆ ಬಳಸುವವರು ಕಡಿಮೆ. ನಾವು ಎಲ್ಲವನ್ನೂ ನಡುವೆ ಇಟ್ಟು, ಸುತ್ತ ಒಂದೇ ಸಮ ಜಾಗ ಬಿಟ್ಟು, ಅಚ್ಚುಕಟ್ಟು ಮಾಡಿಬಿಡುತ್ತೇವೆ. ಕಾಗದದ ಅಂಚಿನಿಂದ ಒಳಗೆ ಬರುವ ಒಂದು ಕೈಯನ್ನು ಊಹಿಸಿ. ಮೊಣಕೈವರೆಗೆ ಮಾತ್ರ. ಮುಖ ಇಲ್ಲ. ಕೈ ಕೊಡುತ್ತಿದೆಯೋ ಕಸಿದುಕೊಳ್ಳುತ್ತಿದೆಯೋ ಎನ್ನುವುದನ್ನು ಬೆರಳುಗಳ ಬಿಗಿಯೇ ಹೇಳಬೇಕು. ಕಾಣದ ಆ ಮನುಷ್ಯನನ್ನು ನೋಡುವವರು ತಾವೇ ಕಟ್ಟಿಕೊಳ್ಳುತ್ತಾರೆ. ಅವರು ಕಟ್ಟಿಕೊಂಡ ಮುಖ ನೀವು ಬರೆಯಬಹುದಾಗಿದ್ದ ಮುಖಕ್ಕಿಂತ ಯಾವಾಗಲೂ ಚೆನ್ನಾಗಿರುತ್ತದೆ.

ಇನ್ನು ಆಕಾರದ ಮಾತು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಆದರೆ ಕೆಲಸಕ್ಕೆ ಕೂತ ಕೂಡಲೇ ಎದುರಾಗುವುದು ಇದೇ. ತೆರೆ ಅಡ್ಡ, ಪೋಸ್ಟರ್ ಉದ್ದ. ಇವತ್ತಿನ ಬಹಳಷ್ಟು ಸಿನಿಮಾಗಳ ಫ್ರೇಮ್ 1.85:1 ಅಥವಾ 2.39:1. ಅಂದರೆ ಎತ್ತರದ ಸುಮಾರು ಎರಡು, ಎರಡೂವರೆ ಪಟ್ಟು ಅಗಲ. ಅಮೆರಿಕದ ಚಿತ್ರಮಂದಿರಗಳಲ್ಲಿ ಹಾಕುವ ಸಾಮಾನ್ಯ ಪೋಸ್ಟರ್ 27×40 ಇಂಚು. ಅಲ್ಲಿ ಲೆಕ್ಕವೇ ತಿರುಗುಮುರುಗು. ಅಗಲದ ಸುಮಾರು ಒಂದೂವರೆ ಪಟ್ಟು ಎತ್ತರ.

ಹಾಗಾಗಿ ಅಡ್ಡ ಫ್ರೇಮಿನಲ್ಲಿ ಕಲಿತ ಕಂಪೋಸಿಷನ್, ಅಂದರೆ ಯಾವುದನ್ನು ಎಲ್ಲಿ ಇಡಬೇಕು ಎನ್ನುವ ಜೋಡಣೆ, ಉದ್ದ ಕಾಗದಕ್ಕೆ ಹಾಗೇ ಬರುವುದಿಲ್ಲ. ಅಗಲ ತೆರೆಯ ಎಡ ತುದಿಯಲ್ಲಿ ಒಬ್ಬ, ಬಲ ತುದಿಯಲ್ಲಿ ಒಬ್ಬ, ನಡುವೆ ಖಾಲಿ. ಆ ಖಾಲಿ ಜಾಗವೇ ಅವರ ಜಗಳ. ಅದನ್ನು ಉದ್ದ ಕಾಗದಕ್ಕೆ ಕತ್ತರಿಸಿದರೆ ಒಂದೋ ಒಬ್ಬ ಮಾಯ, ಇಲ್ಲ ಇಬ್ಬರೂ ಇರುವೆಯಷ್ಟು ಚಿಕ್ಕವರು. ಕತ್ತರಿಸಿ ಪ್ರಯೋಜನವಿಲ್ಲ, ಮತ್ತೆ ಕಟ್ಟಬೇಕು. ಒಬ್ಬ ಮೇಲೆ, ಒಬ್ಬ ಕೆಳಗೆ ಎಂದು ಇಟ್ಟು ನೋಡಿ. ತಕ್ಷಣ ಇನ್ನೊಂದು ಅರ್ಥ ಹುಟ್ಟುತ್ತದೆ, ಯಾರು ಯಾರ ಮೇಲೆ ಎನ್ನುವ ಅರ್ಥ. ಅದು ನಿಮಗೆ ಬೇಕಾ ಬೇಡವಾ? ಬೇಡವಾದರೆ ಇಬ್ಬರನ್ನೂ ಬಿಟ್ಟು ನಡುವಿನ ಖಾಲಿಯನ್ನೇ ಬರೆಯುವ ದಾರಿ ಇದೆ.

ಉದ್ದ ಕಾಗದಕ್ಕೆ ಒಂದು ವರವೂ ಇದೆ. ಕಣ್ಣು ಮೇಲಿನಿಂದ ಕೆಳಗೆ ಇಳಿಯುತ್ತದೆ, ಇಳಿಯಲು ಸ್ವಲ್ಪ ಹೊತ್ತು ಬೇಕು. ಸಿನಿಮಾ ಪ್ರೀತಿಸುವವರು ಆ ಹೊತ್ತನ್ನು ಬಿಡಬಾರದು. ಮೇಲೆ ಏನು ಮೊದಲು ಕಾಣಬೇಕು, ಕೆಳಗೆ ಬಂದಾಗ ಯಾವುದು ಮೇಲಿನದನ್ನು ಬದಲಾಯಿಸಬೇಕು ಎಂದು ಯೋಚಿಸಿ. ಸಾಲ್ ಬಾಸ್ 1959ರಲ್ಲಿ ‘ಅನಾಟಮಿ ಆಫ್ ಎ ಮರ್ಡರ್’ ಸಿನಿಮಾಕ್ಕೆ ಪೋಸ್ಟರ್ ಮಾಡಿದರು, ಟೈಟಲ್ ದೃಶ್ಯವನ್ನೂ ಅವರೇ ಮಾಡಿದರು. ಎರಡರಲ್ಲೂ ಇರುವುದು ತುಂಡು ತುಂಡಾಗಿ ಕತ್ತರಿಸಿದ ಮೈ. ತೆರೆಯ ಮೇಲೆ ಆ ತುಂಡುಗಳು ಸಂಗೀತದ ಜೊತೆ ಬಂದು ಹೋಗುತ್ತವೆ, ಪೋಸ್ಟರ್‌ನಲ್ಲಿ ಎಲ್ಲವೂ ಒಟ್ಟಿಗೆ ಬಿದ್ದಿರುತ್ತವೆ. ಒಂದೇ ಯೋಚನೆಗೆ ಕಾಲ ಇದ್ದಾಗ ಏನಾಗುತ್ತದೆ, ಕಾಲ ಇಲ್ಲದಾಗ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಬೆಳಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಕಣ್ಣು ಅದರಲ್ಲಿ ಪಳಗಿರುತ್ತದೆ. ಬಣ್ಣ ಚಪ್ಪಟೆಯಾಗಿದ್ದರೂ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎನ್ನುವುದನ್ನು ಮೊದಲೇ ತೀರ್ಮಾನ ಮಾಡಿ. ಒಂದೇ ಕಡೆಯಿಂದ ಬರಲಿ. ಅಷ್ಟು ಸಾಕು.

ಅಕ್ಷರ ಮಾತ್ರ ನಿಮ್ಮಂಥವರು ಕೊನೆಗೆ ಇಡುವ ವಿಷಯ ಎಂದು ನನ್ನ ಅನುಮಾನ. ಸಿನಿಮಾ ನೋಡಿ ನೋಡಿ ಚಿತ್ರವೇ ರಾಜ ಎಂಬ ಭಾವನೆ ಬಂದುಬಿಟ್ಟಿರುತ್ತದೆ. ಪೋಸ್ಟರ್‌ನಲ್ಲಿ ಸದ್ದು ಇಲ್ಲ, ಅಕ್ಷರವೇ ಸದ್ದು. ದಪ್ಪ ಅಕ್ಷರ ಕೂಗುತ್ತದೆ. ಸಣ್ಣ ಅಕ್ಷರದ ಸುತ್ತ ತುಂಬಾ ಜಾಗ ಬಿಟ್ಟರೆ ಕಿವಿಯಲ್ಲಿ ಪಿಸುಗುಟ್ಟಿದ ಹಾಗೆ. ಕನ್ನಡದಲ್ಲಿ ಬರೆಯುವಾಗ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಣಿತದ ಗುಡಿಸು, ಎತ್ವಗಳು ಮೇಲೆ ಏರುತ್ತವೆ. ಎರಡು ಸಾಲಿನ ಶೀರ್ಷಿಕೆಯನ್ನು ಇಕ್ಕಟ್ಟಾಗಿ ಇಟ್ಟರೆ ಒಂದರ ಕಾಲು ಇನ್ನೊಂದರ ತಲೆಗೆ ತಾಗುತ್ತದೆ. ಆ ಜಾಗವನ್ನು ಚಿತ್ರ ಬರೆಯುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಚಿತ್ರ ಮುಗಿದ ಮೇಲೆ ಅಕ್ಷರಕ್ಕೆ ಜಾಗ ಹುಡುಕುವುದು ಶೂಟಿಂಗ್ ಮುಗಿದ ಮೇಲೆ ಮಾತು ಬರೆದ ಹಾಗೆ.

ನನ್ನದೇ ಒಂದು ಪೋಸ್ಟರ್‌ನ ಕತೆ ಹೇಳುತ್ತೇನೆ. ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ನಾಟಕ. ನಾನು ಮಾಡಿದ ಮೊದಲ ಡ್ರಾಫ್ಟ್‌ನಲ್ಲಿ ಉದ್ದನೆಯ ಪಡಸಾಲೆ, ಎರಡು ತುದಿಯಲ್ಲಿ ಇಬ್ಬರು, ಹಿಂದಿನಿಂದ ನೀಲಿ ಬೆಳಕು. ನನಗೆ ತುಂಬಾ ಹಿಡಿಸಿತ್ತು. ನಾಟಕದ ನಿರ್ದೇಶಕಿ ನೋಡಿ, ‘ಸೊಗಸಾಗಿದೆ, ಇದು ಯಾವ ಸಿನಿಮಾ?’ ಎಂದು ಕೇಳಿದರು. ಅವರು ನಿಜವಾಗಿಯೂ ಕೇಳಿದ್ದು, ಚುಚ್ಚಲು ಅಲ್ಲ. ಅದಕ್ಕೇ ಮನಸ್ಸಿಗೆ ನಾಟಿತು.

ಮೂರು ಸಂಜೆ ಅವರ ರಿಹರ್ಸಲ್‌ಗೆ ಹೋಗಿ ಕೂತೆ. ಲ್ಯಾಪ್‌ಟಾಪ್ ಒಯ್ಯಲಿಲ್ಲ. ಎರಡನೇ ಸಂಜೆ ಒಂದು ಚಿಕ್ಕ ವಿಷಯ ಕಣ್ಣಿಗೆ ಬಿತ್ತು. ಅಣ್ಣ ಕೋಣೆಯಿಂದ ಹೊರಗೆ ಹೋಗುವಾಗ ದೀಪ ಆರಿಸುತ್ತಾನೆ. ತಮ್ಮ ಬಂದು ಹಾಕುತ್ತಾನೆ. ಮತ್ತೆ ಅಣ್ಣ ಆರಿಸುತ್ತಾನೆ. ನಾಟಕದಲ್ಲಿ ಅದರ ಬಗ್ಗೆ ಒಂದು ಮಾತೂ ಇಲ್ಲ. ಇಬ್ಬರ ಬೆರಳೂ ಒಂದೇ ಜಾಗವನ್ನು ಮುಟ್ಟುತ್ತವೆ, ಇಬ್ಬರೂ ಒಟ್ಟಿಗೆ ಅಲ್ಲಿ ಇರುವುದಿಲ್ಲ. ಇಡೀ ನಾಟಕ ಆ ಸ್ವಿಚ್ಚಿನಲ್ಲಿತ್ತು.

ಕೊನೆಯ ಪೋಸ್ಟರ್ ಪೂರ್ತಿ ಕಪ್ಪು. ಎದೆಯೆತ್ತರದ ಜಾಗದಲ್ಲಿ ಒಂದು ಪುಟ್ಟ ಸ್ವಿಚ್‌ಬೋರ್ಡ್. ಎರಡು ಸ್ವಿಚ್, ಒಂದು ಮೇಲೆ, ಒಂದು ಕೆಳಗೆ. ಸುತ್ತ ಬೆರಳು ತಾಗಿ ತಾಗಿ ಮಾಸಿದ ಗೋಡೆ, ಕತ್ತಲಲ್ಲಿ ಕಂಡೂ ಕಾಣದ ಹಾಗೆ. ಬಲ ಅಂಚಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಹಳದಿ ಬೆಳಕಿನ ಒಂದು ಸಣ್ಣ ಗೆರೆ, ಪಕ್ಕದ ಕೋಣೆಯ ಬಾಗಿಲು ಚೂರು ತೆರೆದಿರುವ ಹಾಗೆ. ಮನುಷ್ಯರು ಇಲ್ಲ.

ಆ ಗೆರೆ ಪ್ರಿಂಟಿನಲ್ಲಿ ನನ್ನನ್ನು ಸತಾಯಿಸಿತು. ಎರಡು ಮಿಲಿಮೀಟರ್ ಅಗಲ ಇಟ್ಟಿದ್ದೆ. ಕಪ್ಪು ಆಳವಾಗಿ ಬರಲಿ ಎಂದು ಪ್ರಿಂಟಿನ ನಾಲ್ಕೂ ಇಂಕ್ (ನೀಲಿ, ಕೆನ್ನೇರಳೆ, ಹಳದಿ, ಕಪ್ಪು) ಬೆರೆಸಿದ ಕಪ್ಪು ಹಾಕಿದ್ದೆ. ಮೊದಲ ಪ್ರೂಫ್‌ನಲ್ಲಿ ಪ್ಲೇಟ್‌ಗಳು ಕೂದಲೆಳೆಯಷ್ಟು ಸರಿದು, ನೀಲಿ ಮತ್ತು ಕೆನ್ನೇರಳೆ ಇಂಕ್ ಗೆರೆಯೊಳಗೆ ನುಗ್ಗಿ, ಬೆಳಕು ಕೊಳಕಾಗಿತ್ತು. ಗೆರೆಯನ್ನು ನಾಲ್ಕು ಮಿಲಿಮೀಟರ್ ಮಾಡಿದೆ. ಅದರ ಪಕ್ಕದ ಕಪ್ಪಿನಿಂದ ಆ ಎರಡು ಇಂಕ್‌ಗಳನ್ನು ಚೂರು ಹಿಂದಕ್ಕೆ ಎಳೆದು, ಅಂಚಿನಲ್ಲಿ ಬರೀ ಕಪ್ಪು ಇಂಕ್ ಉಳಿಯುವಂತೆ ಮಾಡಿದೆ. ಆಮೇಲೆ ಬೆಳಕು ಬೆಳಕಾಯಿತು. ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣ ಇದೆ. ತೆರೆಯ ಮೇಲೆ ಬೆಳಕು ನಿಜವಾದ ಬೆಳಕು. ಕಾಗದದ ಮೇಲೆ ಬೆಳಕು ಎಂದರೆ ಇಂಕ್ ಇಲ್ಲದ, ಇಲ್ಲವೇ ಕಡಿಮೆ ಇರುವ ಜಾಗ. ಸಿನಿಮಾ ನೋಡಿ ಬೆಳೆದ ಕಣ್ಣು ಇದನ್ನು ಮರೆಯುತ್ತದೆ. ಮಾನಿಟರ್ ಕೂಡ ಹೊಳೆಯುತ್ತಲ್ವಾ, ಅದೂ ಮರೆಸುತ್ತದೆ.

ಆ ಪೋಸ್ಟರ್ ನೋಡಿ ಯಾರೂ ಯಾವ ಸಿನಿಮಾ ಎಂದು ಕೇಳಲಿಲ್ಲ. ಆದರೆ ಸಿನಿಮಾ ನೋಡದೇ ಇದ್ದಿದ್ದರೆ ನಾನು ಅದನ್ನು ಮಾಡುತ್ತಲೇ ಇರಲಿಲ್ಲ. ಒಂದು ಸಣ್ಣ ವಸ್ತುವಿನ ಹತ್ತಿರ ಹೋಗುವ ಧೈರ್ಯ ಕ್ಲೋಸಪ್‌ನಿಂದ ಬಂತು. ಬೆಳಕು ಫ್ರೇಮಿನ ಆಚೆಯಿಂದ ಬರಬಹುದು ಎನ್ನುವುದೂ ಅಲ್ಲಿಂದಲೇ ಬಂತು. ಮನುಷ್ಯರನ್ನು ತೆಗೆದುಹಾಕಿದರೆ ಅವರು ಇನ್ನೂ ಜಾಸ್ತಿ ಕಾಣುತ್ತಾರೆ ಎಂದು ನನಗೆ ಕಲಿಸಿದ್ದೂ ಸಿನಿಮಾವೇ.

ಈಗ ನಿಮ್ಮ ಸಾವಿರಾರು ಸ್ಕ್ರೀನ್‌ಶಾಟ್‌ಗಳ ವಿಷಯ. ಅಳಿಸಬೇಡಿ. ಆದರೆ ಹೊಸ ಕೆಲಸ ಶುರು ಮಾಡಿದಾಗ ಮೊದಲ ಎರಡು ಮೂರು ದಿನ ಆ ಫೋಲ್ಡರ್ ತೆರೆಯಬೇಡಿ. ಮೂಡ್‌ಬೋರ್ಡ್ (ಕೆಲಸಕ್ಕೆ ಸ್ಫೂರ್ತಿಯಾಗುವ ಚಿತ್ರಗಳನ್ನು ಒಟ್ಟಿಗೆ ಜೋಡಿಸಿದ ಹಲಗೆ) ಮಾಡುವುದಾದರೆ ಆಮೇಲೆ ಮಾಡಿ. ಮೊದಲೇ ಮಾಡಿದರೆ ನಿಮ್ಮ ಯೋಚನೆ ಬೇರೆಯವರ ಫ್ರೇಮಿನೊಳಗೆ ಹೋಗಿ ಕೂತುಬಿಡುತ್ತದೆ, ಮತ್ತೆ ಎಬ್ಬಿಸುವುದು ಕಷ್ಟ.

ಮತ್ತೆ, ಸಿನಿಮಾ ನೋಡುವಾಗ ಸ್ಕ್ರೀನ್‌ಶಾಟ್ ತೆಗೆಯುವುದನ್ನು ಒಂದು ತಿಂಗಳು ನಿಲ್ಲಿಸಿ ನೋಡಿ. ಅದರ ಬದಲು ನೋಡಿದ ಮಾರನೇ ದಿನ ಪೆನ್ಸಿಲ್ ಹಿಡಿದು ಕೂತು, ಬೆಂಕಿಪೊಟ್ಟಣದಷ್ಟು ಚಿಕ್ಕ ಚೌಕಗಳಲ್ಲಿ ನೆನಪಿರುವ ಐದಾರು ದೃಶ್ಯ ಬರೆಯಿರಿ. ಬರಹ ಚೆನ್ನಾಗಿರಬೇಕಿಲ್ಲ. ಆಮೇಲೆ ಆ ದೃಶ್ಯವನ್ನು ಮತ್ತೆ ಹಾಕಿ ಹೋಲಿಸಿ. ನೀವು ತಪ್ಪಾಗಿ ಬರೆದಿರುತ್ತೀರಿ. ಕಿಟಕಿ ಎಡಕ್ಕೆ ಇತ್ತು, ನೀವು ಬಲಕ್ಕೆ ಬರೆದಿದ್ದೀರಿ. ಕೋಣೆಯಲ್ಲಿ ಐದು ಜನ ಇದ್ದರು, ನಿಮ್ಮ ಚೌಕದಲ್ಲಿ ಒಬ್ಬಳೇ. ಅವಳು ದೂರ ನಿಂತಿದ್ದಳು, ನೀವು ಹತ್ತಿರ ತಂದಿದ್ದೀರಿ. ಆ ತಪ್ಪುಗಳನ್ನು ಜೋಪಾನ ಮಾಡಿ. ನಿಮ್ಮ ನೆನಪು ರಾತ್ರಿಯೆಲ್ಲ ಕೂತು ಎಡಿಟಿಂಗ್ ಮಾಡಿದೆ. ಬೇಡದ್ದನ್ನು ಬಿಸಾಡಿ, ಬೇಕಾದ್ದನ್ನು ದೊಡ್ಡದು ಮಾಡಿದೆ. ಸಿನಿಮಾದಲ್ಲಿ ಇಲ್ಲದ ಫ್ರೇಮ್ ಎಂದೆನಲ್ಲ, ಅದು ಹುಟ್ಟುವುದು ಇಲ್ಲೇ. ಸ್ಕ್ರೀನ್‌ಶಾಟ್ ನಿಮ್ಮಿಂದ ಕಸಿದುಕೊಳ್ಳುವುದೂ ಇದನ್ನೇ.

ಮೊದಲಿನವರಿಗೆ ಸ್ಕ್ರೀನ್‌ಶಾಟ್ ಇರಲಿಲ್ಲ. 1920ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಪೋಸ್ಟರ್ ಕಲಾವಿದರಾದ ಸ್ಟೆನ್‌ಬರ್ಗ್ ಸೋದರರು, ವ್ಲಾದಿಮಿರ್ ಮತ್ತು ಗಿಯೋರ್ಗಿ, ಸಿನಿಮಾದ ಫ್ರೇಮನ್ನು ದೊಡ್ಡದಾಗಿ ಬಿಡುವ ಒಂದು ಪ್ರೊಜೆಕ್ಟರ್ ತಾವೇ ಮಾಡಿಕೊಂಡಿದ್ದರು. ಚಿತ್ರವನ್ನು ಓರೆ ಮಾಡಿ, ಎಳೆದು, ತಿರುಗಿಸಿ, ಕೈಯಿಂದಲೇ ಬರೆಯುತ್ತಿದ್ದರು. ಫ್ರೇಮಿನಿಂದಲೇ ಶುರು ಮಾಡುತ್ತಿದ್ದರು ನಿಜ, ಆದರೆ ಅದು ಅವರ ಕೈ ದಾಟಿ ಕಾಗದಕ್ಕೆ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತಿತ್ತು. ಮೇಲಿನಿಂದ ನೋಡಿದ ಕಟ್ಟಡಗಳು, ತಲೆಕೆಳಗಾಗಿ ಬೀಳುವ ಮೈ, ಸುತ್ತುವ ಅಕ್ಷರ. ನಿಂತ ಕಾಗದದಲ್ಲಿ ಕ್ಯಾಮೆರಾ ಓಡಾಡುತ್ತಿದೆ ಅನ್ನಿಸುತ್ತದೆ.

ಈ ದಾರಿ ಒಂದೇ ಕಡೆಗೆ ಹೋಗುವುದೂ ಅಲ್ಲ. ಸತ್ಯಜಿತ್ ರಾಯ್ 1943ರಲ್ಲಿ ಜಾಹೀರಾತು ಕಂಪನಿಯಲ್ಲಿ ಡಿಸೈನ್ ಕೆಲಸಕ್ಕೆ ಸೇರಿದವರು, ಪುಸ್ತಕಗಳಿಗೆ ಮುಖಪುಟ ಬರೆದವರು. ತಮ್ಮ ಮೊದಲ ಸಿನಿಮಾದ ದೃಶ್ಯಗಳನ್ನು ಅವರು ಚಿತ್ರಗಳಲ್ಲೇ ಬರೆದಿಟ್ಟುಕೊಂಡಿದ್ದರು. ಆಮೇಲೆ ತಮ್ಮ ಸಿನಿಮಾಗಳ ಪೋಸ್ಟರ್‌ಗಳನ್ನೂ ತಾವೇ ಮಾಡಿದರು. ಅವರ ಅಕ್ಷರಗಳನ್ನು ನೋಡಿದರೆ ಅಕ್ಷರವೂ ನಟಿಸಬಲ್ಲದು ಎಂದು ಗೊತ್ತಾಗುತ್ತದೆ. ನಿಮಗೆ ಇಷ್ಟವಾಗುತ್ತದೆ, ಹುಡುಕಿ ನೋಡಿ.

ಸಿನಿಮಾವನ್ನು ನೇರವಾಗಿ ನೆನಪಿಸುವುದು ಯಾವಾಗಲೂ ತಪ್ಪಾ? ಇಲ್ಲ. ಕಾರ್ಯಕ್ರಮವೇ ಸಿನಿಮಾದ್ದಾಗಿದ್ದರೆ, ಒಬ್ಬ ನಿರ್ದೇಶಕರ ನೆನಪಿನ ಪ್ರದರ್ಶನವಾಗಿದ್ದರೆ, ನೋಡುವವರಿಗೆ ಗುರುತು ಸಿಗಲಿ ಎಂದೇ ಮಾಡಿ. ಆಗಲೂ ಬೇರೆಯವರ ಫ್ರೇಮನ್ನು ಹಾಗೇ ಬಳಸುವುದಾದರೆ ಹಕ್ಕು ಇರುವವರ ಒಪ್ಪಿಗೆ ಪಡೆಯಿರಿ.

ಕೊನೆಗೆ ನಿಮ್ಮ ನೃತ್ಯದ ಪೋಸ್ಟರ್. ಪ್ರಿಂಟ್‌ಗೆ ಹೋಗಲು ಇನ್ನೂ ಸಮಯ ಇದ್ದರೆ ಅವರ ಅಭ್ಯಾಸ ನೋಡಲು ಹೋಗಿ. ನಿದ್ದೆ ಬಾರದವರ ಬಗ್ಗೆ ಎಂದಿರಿ. ನಿಯಾನ್ ಬೀದಿಯಲ್ಲಿ ನಿಂತವನಿಗೆ ನಿದ್ದೆ ಬಂದಿಲ್ಲ ಎಂದು ನೋಡುವವರಿಗೆ ಹೇಗೆ ಗೊತ್ತಾಗಬೇಕು? ಅವನು ಬಸ್ಸಿಗೆ ಕಾಯುತ್ತಿರಬಹುದು. ನಿದ್ದೆ ಬಾರದ ರಾತ್ರಿ ನಡೆಯುವುದು ಹಾಸಿಗೆಯಲ್ಲಿ. ಅಲ್ಲಿ ಕೈ ಏನು ಮಾಡುತ್ತದೆ, ಕುತ್ತಿಗೆ ಎಲ್ಲಿ ಹೊರಳುತ್ತದೆ ಎಂದು ನೋಡಿ. ನನಗೆ ನೆನಪಾಗುವುದು ದಿಂಬು. ಬಿಸಿಯಾಯಿತು ಎಂದು ಮಗುಚಿ ಹಾಕುತ್ತೇವೆ, ತಂಪಾದ ಬದಿಗೆ ಕೆನ್ನೆ ಇಡುತ್ತೇವೆ, ಐದು ನಿಮಿಷದಲ್ಲಿ ಅದೂ ಬಿಸಿ. ಉದ್ದ ಕಾಗದದಲ್ಲಿ, ಮೇಲಿನಿಂದ ನೋಡಿದ ಹಾಗೆ ಒಂದು ಬಿಳಿ ದಿಂಬು. ನಡುವೆ ತಲೆ ಊರಿದ್ದ ತಗ್ಗು, ಆದರೆ ತಲೆ ಇಲ್ಲ. ಬೆಳಕು ಒಂದು ಪಕ್ಕದಿಂದ, ಕಾಣದ ಕಿಟಕಿಯಿಂದ. ಕೆಳಗೆ ತುಂಬಾ ಖಾಲಿ ಜಾಗ ಬಿಟ್ಟು ಶೀರ್ಷಿಕೆ.

ಇದೇ ಸರಿ ಎಂದು ಹೇಳುತ್ತಿಲ್ಲ. ಇದು ನನ್ನ ತಲೆಗೆ ಬಂದ ಫ್ರೇಮ್, ಮತ್ತು ನಾನು ಆ ನೃತ್ಯ ನೋಡಿಲ್ಲ. ನೋಡಿ ಬಂದ ಮಾರನೇ ದಿನ ನಿಮ್ಮದನ್ನು ಚಿಕ್ಕ ಚೌಕಗಳಲ್ಲಿ ಬರೆದು, ಅದರಲ್ಲಿ ಮೂರನ್ನು ನಿಮ್ಮ ಸೀನಿಯರ್ ಮುಂದೆ ಇಡಿ. ಪೆನ್ಸಿಲ್‌ನಲ್ಲೇ ಇರಲಿ, ಬಣ್ಣ ಹಾಕಬೇಡಿ. ಮಳೆಯ ರಾತ್ರಿಯ ಪೋಸ್ಟರನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ, ಇಬ್ಬರೂ ಒಟ್ಟಿಗೆ ಕೂತು ನೋಡಬಹುದು.